ಮುಖ ತೊಳೆಯೋದಕ್ಕೂ ಒಂದು ಇತಿಹಾಸ ಇದೆ: ಕಡಲೆಹಿಟ್ಟಿನಿಂದ ಫೇಸ್‌ವಾಶ್‌ವರೆಗೆ

ಭಾಗ 1/8: ಆ ಶೆಲ್ಫು

ಮೆಡಿಕಲ್ ಸ್ಟೋರಿಗೋ ಸೂಪರ್ ಮಾರ್ಕೆಟ್ಟಿಗೋ ಹೋಗಿ ಫೇಸ್‌ವಾಶ್ ಶೆಲ್ಫಿನ ಮುಂದೆ ನಿಂತ್ಕೊಳ್ಳಿ. ಎಣ್ಣೆ ಚರ್ಮಕ್ಕೆ ಒಂದು, ಒಣ ಚರ್ಮಕ್ಕೆ ಒಂದು, ಮಿಶ್ರ ಚರ್ಮಕ್ಕೆ ಒಂದು, ಸೂಕ್ಷ್ಮ ಚರ್ಮಕ್ಕೆ ಇನ್ನೊಂದು. "ಜೆಂಟಲ್" ಅಂತ ಬರೆದಿರೋದು ಬೇರೆ, "ಬ್ರೈಟನಿಂಗ್" ಅಂತ ಬರೆದಿರೋದು ಬೇರೆ. ನಮ್ಮ ಅಜ್ಜಿಯರ ಕಾಲದಲ್ಲಿ ಈ ಶೆಲ್ಫೇ ಇರಲಿಲ್ಲ. ಹಾಗಾದ್ರೆ ಇದನ್ನ ಜೋಡಿಸಿದ್ದು ಯಾರು? ಚರ್ಮವನ್ನ ಹೀಗೆ ವಿಭಾಗ ಮಾಡಿದ್ದು ಯಾವಾಗ? ತೊಳೆಯೋ ವಸ್ತು "ಮೃದು" ಅಂತ ಅಳೆದದ್ದು ಯಾರ ಚರ್ಮದ ಮೇಲೆ?

ನಾನು ಓದ್ತಿರೋದು ಬಿಕಾಂ. ಡಾಕ್ಟರಲ್ಲ, ಇನ್‌ಫ್ಲುಯೆನ್ಸರೂ ಅಲ್ಲ, ಯಾವ ಕಂಪನಿಯೂ ಇದಕ್ಕೆ ದುಡ್ಡು ಕೊಟ್ಟಿಲ್ಲ. ಆದರೆ ಒಂದು ವಸ್ತುವಿನ ಚರಿತ್ರೆ ಗೊತ್ತಿದ್ದರೆ ಅದರ ಜಾಹೀರಾತಿಗೆ ಬೀಳೋದು ಕಡಿಮೆಯಾಗುತ್ತೆ ಅನ್ನೋದು ನನ್ನ ನಂಬಿಕೆ. ಎಂಟು ಭಾಗ ಇದೆ. ಅವಸರ ಇದ್ದವರು ಕೊನೆಯ ಎರಡು ಓದಿ. ಪುರುಸೊತ್ತು ಇದ್ದವರು ನನ್ನ ಜೊತೆ ಮೊದಲಿನಿಂದ ಬನ್ನಿ.

ಭಾಗ 2/8: ಸೋಪು ಬರೋದಕ್ಕೆ ಮುಂಚೆ

ಸೋಪು ಇಲ್ಲದ ಕಾಲದಲ್ಲಿ ನಮ್ಮವರು ಕೊಳಕಾಗಿದ್ದರು ಅಂದ್ಕೋಬೇಡಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ಸಂಸ್ಕೃತ ಗ್ರಂಥ "ಮಾನಸೋಲ್ಲಾಸ"ದಲ್ಲಿ ರಾಜನ ಭೋಗಗಳ ಪಟ್ಟಿಯಲ್ಲಿ ಸ್ನಾನಕ್ಕೇ ಒಂದು ಪ್ರತ್ಯೇಕ ಅಧ್ಯಾಯ ಇದೆ. ಅಂದರೆ ಈ ನೆಲದಲ್ಲಿ ಮೈ ತೊಳೆಯೋದು ಬರೆದಿಡುವಷ್ಟು ದೊಡ್ಡ ವಿಷಯವಾಗಿತ್ತು.

ಇನ್ನು ಜನಸಾಮಾನ್ಯರ ಮನೆಯಲ್ಲಿ? ದೀಪಾವಳಿಯ ನೀರು ತುಂಬೋ ಹಬ್ಬ ನೆನಪಿಸ್ಕೊಳ್ಳಿ. ಮೈಗೆ ಎಣ್ಣೆ, ತಲೆಗೆ ಸೀಗೆಪುಡಿ, ಮೈಗೂ ಮುಖಕ್ಕೂ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು. ಮಲೆನಾಡಿನ ಕಡೆ ದಾಸವಾಳದ ಸೊಪ್ಪು ಕಿವುಚಿದ ಗೊಂಪು. ಇದರಲ್ಲಿ ಎರಡು ಬೇರೆ ಬೇರೆ ಕೆಲಸ ನಡೀತಿತ್ತು. ಹಿಟ್ಟು ಎಣ್ಣೆಯನ್ನ ಹೀರಿಕೊಳ್ಳುತ್ತೆ, ಉಜ್ಜಿದಾಗ ಕೊಳೆಯನ್ನ ಜೊತೆಗೆ ಎಳೆದುಕೊಂಡು ಹೋಗುತ್ತೆ. ಸೀಗೆಕಾಯಿ ಮತ್ತು ಅಂಟುವಾಳದಲ್ಲಿ ಸಪೋನಿನ್ ಅನ್ನೋ ವಸ್ತು ಇದೆ, ನೀರಿಗೆ ಹಾಕಿದರೆ ನೊರೆ ಬರುತ್ತೆ. ಅಂಟುವಾಳದ ಸಸ್ಯಶಾಸ್ತ್ರದ ಹೆಸರು "ಸಪಿಂಡಸ್". ಆ ಲ್ಯಾಟಿನ್ ಹೆಸರಿನ ಅರ್ಥವೇ "ಭಾರತದ ಸೋಪು". ಕಾಯಿ ನಮ್ಮದು, ಹೆಸರಿಟ್ಟವರು ಅವರು.

"ಹಾಗಾದ್ರೆ ದಿನಾ ಕಡಲೆಹಿಟ್ಟು ಹಚ್ಚಿದ್ರಾಯ್ತು" ಅಂತೀರಾ? ಸ್ವಲ್ಪ ತಡೀರಿ. ಅದು ಮೈತುಂಬಾ ಎಣ್ಣೆ ಹಚ್ಚಿದ ದಿನ ಬಳಸ್ತಿದ್ದ ವಸ್ತು. ಎಣ್ಣೆಯೇ ಇಲ್ಲದ ಒಣ ಮುಖಕ್ಕೆ ದಿನಾ ಅದನ್ನೇ ಉಜ್ಜೋದು ಆ ಪದ್ಧತಿಯ ಅರ್ಧವನ್ನ ಮಾತ್ರ ತಗೊಂಡ ಹಾಗೆ.

ಭಾಗ 3/8: ಸೋಪಿನ ಜೊತೆ ಬಂದ ಬಣ್ಣದ ಮಾತು

ಕೊಬ್ಬು ಅಥವಾ ಎಣ್ಣೆಗೆ ಕ್ಷಾರ ಸೇರಿಸಿದರೆ ಸೋಪು ಆಗುತ್ತೆ, ಜೊತೆಗೆ ಗ್ಲಿಸರಿನ್ ಹುಟ್ಟುತ್ತೆ. ಈ ಕೆಲಸ ಸಾವಿರಾರು ವರ್ಷಗಳಿಂದ ಗೊತ್ತಿತ್ತು. ಆದರೆ ಸೋಪು ಅಗ್ಗವಾದದ್ದು 1791ರ ಮೇಲೆ. ಆ ವರ್ಷ ಫ್ರಾನ್ಸಿನ ನಿಕೊಲಾ ಲೆಬ್ಲಾಂಕ್ ಅಡುಗೆ ಉಪ್ಪಿನಿಂದ ಸೋಡಾ ತಯಾರಿಸೋ ವಿಧಾನಕ್ಕೆ ಪೇಟೆಂಟ್ ಪಡೆದ. 1823ರಲ್ಲಿ ಅದೇ ದೇಶದ ಶೆವ್ರೆಲ್ ಕೊಬ್ಬುಗಳ ರಸಾಯನಶಾಸ್ತ್ರದ ಮೇಲೆ ಪುಸ್ತಕ ಬರೆದ. ಅಲ್ಲಿಂದ ಮುಂದೆ ಸೋಪು ಅಡುಗೆಮನೆಯ ಕೆಲಸ ಆಗಿ ಉಳೀಲಿಲ್ಲ, ಕಾರ್ಖಾನೆಯ ಕೆಲಸ ಆಯ್ತು. 1888ರಲ್ಲಿ ಲಿವರ್ ಬ್ರದರ್ಸ್‌ನ ಸನ್‌ಲೈಟ್ ಸೋಪಿನ ಪೆಟ್ಟಿಗೆಗಳು ಕಲ್ಕತ್ತಾ ಬಂದರಿನಲ್ಲಿ ಇಳಿದವು.

ಇಲ್ಲಿ ಒಂದು ಕಹಿ ವಿಷಯ ಹೇಳಲೇಬೇಕು. ಲಂಡನ್ನಿನಲ್ಲಿ 1807ರಿಂದ ತಯಾರಾಗ್ತಿದ್ದ ಪಿಯರ್ಸ್ ಸೋಪು ಆ ಕಾಲಕ್ಕೆ ಜಾಹೀರಾತಿನಲ್ಲಿ ಎಲ್ಲರಿಗಿಂತ ಮುಂದಿತ್ತು. 1880ರ ದಶಕದ ಅದರ ಒಂದು ಜಾಹೀರಾತಿನಲ್ಲಿ ಕಪ್ಪು ಹುಡುಗನೊಬ್ಬನನ್ನ ಸ್ನಾನದ ತೊಟ್ಟಿಯಲ್ಲಿ ಕೂರಿಸಿ ತೊಳೀತಾರೆ. ಮುಂದಿನ ಚಿತ್ರದಲ್ಲಿ ಅವನ ಮೈ ಬೆಳ್ಳಗಾಗಿರುತ್ತೆ. ಕೊಳೆಯನ್ನೂ ಕಪ್ಪು ಬಣ್ಣವನ್ನೂ ಒಂದೇ ಮಾಡಿದ ಚಿತ್ರ ಅದು. 1899ರ ಇನ್ನೊಂದು ಜಾಹೀರಾತಂತೂ "ಬಿಳಿಯರ ಹೊಣೆ" ಅನ್ನೋ ಸಾಮ್ರಾಜ್ಯದ ಮಾತನ್ನೇ ಎತ್ತಿಕೊಂಡು ಸೋಪು ಮಾರಿತು.

ಇದು ಹಳೇ ಕಥೆ ಅಂತ ಸ್ವೈಪ್ ಮಾಡಬೇಡಿ. ನಮ್ಮಲ್ಲಿ 1975ರಲ್ಲಿ ಬಂದ "ಫೇರ್ ಅಂಡ್ ಲವ್ಲಿ" ಕ್ರೀಮಿನ ಹೆಸರಿನಿಂದ "ಫೇರ್" ಪದ ಹೋಗಿದ್ದು 2020ರಲ್ಲಿ. ಪದ ಹೋಯ್ತು, ಆಸೆ ಹೋಯ್ತಾ? ಫೇಸ್‌ವಾಶ್ ಟ್ಯೂಬಿನ ಮೇಲಿನ "ಬ್ರೈಟನಿಂಗ್", "ವೈಟನಿಂಗ್" ಪದಗಳನ್ನ ಓದುವಾಗ ಆ ತೊಟ್ಟಿಯ ಚಿತ್ರ ನೆನಪಿರಲಿ. ಮೂವತ್ತು ಸೆಕೆಂಡು ಮುಖದ ಮೇಲಿದ್ದು ನೀರಲ್ಲಿ ತೊಳೆದುಹೋಗೋ ವಸ್ತು ನಿಮ್ಮ ಹುಟ್ಟು ಬಣ್ಣವನ್ನ ಬದಲಾಯಿಸಲ್ಲ. ಬದಲಾಯಿಸಬೇಕಾದ ಅಗತ್ಯವೂ ಇಲ್ಲ.

ಭಾಗ 4/8: ಮೈಸೂರಿನ ಗಂಧ

ಈಗ ನಮ್ಮ ಹೆಮ್ಮೆಯ ಅಧ್ಯಾಯ. ಮೈಸೂರು ಸಂಸ್ಥಾನ ಶ್ರೀಗಂಧದ ಮರದ ಕೊರಡುಗಳನ್ನ ಹೊರದೇಶಕ್ಕೆ ಮಾರ್ತಿತ್ತು. ಅದರಲ್ಲಿ ದೊಡ್ಡ ಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆ ಆಗ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾಯ್ತು, ಆ ದಾರಿ ಮುಚ್ಚಿಹೋಯ್ತು. ಕೊರಡು ಇಲ್ಲೇ ರಾಶಿ ಬಿತ್ತು. ಕಾಮರ್ಸ್ ಓದೋರಿಗೆ ಇದು ಥಟ್ ಅಂತ ಅರ್ಥ ಆಗುತ್ತೆ: ಗೋದಾಮಿನಲ್ಲಿ ಸರಕಿದೆ, ಖರೀದಿದಾರ ಇಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯ ದಿವಾನರು. ಎಣ್ಣೆಯನ್ನ ನಾವೇ ತೆಗೆಯೋಣ ಅಂತ ತೀರ್ಮಾನ ಆಯ್ತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಇವತ್ತಿನ ಐಐಎಸ್‌ಸಿಯ ವಿಜ್ಞಾನಿಗಳು ಪ್ರಯೋಗ ಮಾಡಿದರು. 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯ್ತು. ಎಣ್ಣೆ ಬಂತು, ಮುಂದೆ? ಅದನ್ನ ಹಾಕಿ ಸೋಪು ಮಾಡೋ ವಿದ್ಯೆ ಕಲಿಯೋಕೆ ಎಸ್. ಜಿ. ಶಾಸ್ತ್ರಿ ಅನ್ನೋ ರಸಾಯನಶಾಸ್ತ್ರಜ್ಞರನ್ನ ಇಂಗ್ಲೆಂಡಿಗೆ ಕಳಿಸಿದರು. ಅವರು ಕಲಿತು ಬಂದದ್ದರ ಫಲವೇ ಮೈಸೂರು ಸ್ಯಾಂಡಲ್ ಸೋಪು. ಜನ ಅವರನ್ನ "ಸೋಪು ಶಾಸ್ತ್ರಿ" ಅಂತಲೇ ಕರೆದರು. ಮೊಟ್ಟೆಯಾಕಾರದ ಬಿಲ್ಲೆ, ಒಡವೆ ಪೆಟ್ಟಿಗೆಯಂಥ ಡಬ್ಬಿ, ಸಿಂಹದ ಮೈಯಿಗೆ ಆನೆಯ ತಲೆ ಇರೋ ಶರಭದ ಗುರುತು. ಕೊಳ್ಳುವವರಿಲ್ಲದೆ ಬಿದ್ದಿದ್ದ ಕೊರಡು ಮನೆಮನೆಯ ಬಚ್ಚಲಿಗೆ ಬಂದದ್ದು ಹೀಗೆ.

ಭಾಗ 5/8: ಸೋಪು ಮತ್ತು ಮುಖ, ಎಲ್ಲಿ ಜಗಳ?

1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಸೋರೆನ್‌ಸನ್ ಅನ್ನೋ ವಿಜ್ಞಾನಿ ಆಮ್ಲ-ಕ್ಷಾರ ಅಳೆಯೋ ಪಿಎಚ್ ಮಾಪನ ರೂಪಿಸಿದ. 7 ಅಂದರೆ ತಟಸ್ಥ, ಕೆಳಗೆ ಹೋದರೆ ಆಮ್ಲ, ಮೇಲೆ ಹೋದರೆ ಕ್ಷಾರ. 1928ರಲ್ಲಿ ಜರ್ಮನಿಯ ಶಾಡೆ ಮತ್ತು ಮಾರ್ಕಿಯೊನಿನಿ ಇದೇ ಅಳತೆಯನ್ನ ಚರ್ಮಕ್ಕೆ ಹಿಡಿದು ನೋಡಿ, ನಮ್ಮ ಚರ್ಮದ ಮೇಲೆ ತೆಳುವಾದ ಒಂದು "ಆಮ್ಲದ ಹೊದಿಕೆ" ಇದೆ ಅಂದರು. ಅದರ ಪಿಎಚ್ ಸುಮಾರು 5ರ ಆಸುಪಾಸು. ಚರ್ಮದ ತಡೆಗೋಡೆ ಸರಿಯಾಗಿ ಇರೋಕೆ ಈ ಹುಳಿ ಬೇಕು.

ಆದರೆ ಸೋಪು? ಅದರ ಪಿಎಚ್ 9ರಿಂದ 10. ಚರ್ಮ 5.5, ಸೋಪು 9.5 ಅಂತ ಇಟ್ಟುಕೊಳ್ಳಿ. ಬರೀ ನಾಲ್ಕು ಅಂಕಿ ಅಂತ ಕಾಣುತ್ತೆ. ಆದರೆ ಈ ಮಾಪನದಲ್ಲಿ ಒಂದೊಂದು ಅಂಕಿಯೂ ಹತ್ತು ಪಟ್ಟು. ನಾಲ್ಕು ಅಂಕಿ ಅಂದರೆ ಹತ್ತು ಸಾವಿರ ಪಟ್ಟು! ಆರೋಗ್ಯವಾದ ಚರ್ಮ ಕೆಲವು ಗಂಟೆಗಳಲ್ಲಿ ತನ್ನ ಹುಳಿಯನ್ನ ತಾನೇ ಸರಿಮಾಡ್ಕೊಳ್ಳುತ್ತೆ. ಒಣ ಚರ್ಮ, ಎಕ್ಸಿಮಾ ಇರೋ ಚರ್ಮ ಒದ್ದಾಡುತ್ತೆ.

ಪ್ಯಾಕೆಟ್ ಮೇಲೆ ಟಿಎಫ್‌ಎಂ ಅಂತ ನೋಡಿರ್ತೀರಿ. ಕೊಬ್ಬಿನ ಅಂಶದ ಪ್ರಮಾಣ ಅದು. ಭಾರತೀಯ ಮಾನಕದ ಪ್ರಕಾರ ಗ್ರೇಡ್ 1 ಟಾಯ್ಲೆಟ್ ಸೋಪಿಗೆ 76% ಇರಬೇಕು. ಅದು ಸೋಪಿನ ಗುಣಮಟ್ಟ ಹೇಳುತ್ತೆ, ಆದರೆ ಗ್ರೇಡ್ 1 ಆದರೂ ಸೋಪು ಕ್ಷಾರವೇ. ಗಂಧದ್ದಾಗಲಿ, ಬೇವಿನದ್ದಾಗಲಿ, ಮನೆಯಲ್ಲೇ ಮಾಡಿದ್ದಾಗಲಿ, ಸೋಪು ಸೋಪೇ. ಮೈಗೆ ಚೆನ್ನಾಗಿ ಒಗ್ಗಿದ್ದು ಮುಖಕ್ಕೂ ಒಗ್ಗಬೇಕು ಅಂತಿಲ್ಲ.

ಇನ್ನೊಂದು, ನೀರು. ಬೋರ್‌ವೆಲ್ ನೀರಿರೋ ಪಿಜಿ, ಹಾಸ್ಟೆಲ್‌ಗಳಲ್ಲಿ ಸೋಪು ನೊರೆ ಬರಲ್ಲ, ಬಕೆಟ್ ಅಂಚಿಗೆ ಬಿಳಿ ಜಿಡ್ಡು ಕೂರುತ್ತೆ ಅಲ್ವಾ? ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೋಪು ಸೇರಿ ಆಗೋ ಜಿಡ್ಡು ಅದು. ಬಕೆಟ್ಟಿಗೆ ಅಂಟಿದ್ದು ಮುಖಕ್ಕೂ ಅಂಟುತ್ತೆ.

ಭಾಗ 6/8: "ಮೃದು" ಅನ್ನೋ ಪದದ ಬೆಲೆ

ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಕೊಬ್ಬಿನ ಬರ ಬಂದಾಗ ಅಲ್ಲಿನ ರಸಾಯನಶಾಸ್ತ್ರಜ್ಞರು ಕೊಬ್ಬಿಲ್ಲದೆ ತೊಳೆಯೋ ವಸ್ತು ಹುಡುಕಿದರು. ಸಿಂಥೆಟಿಕ್ ಡಿಟರ್ಜೆಂಟ್‌ಗಳ ಶುರು ಅದು. ಯೋಚಿಸಿ ನೋಡಿ, ಅದೇ ಯುದ್ಧ ಮೈಸೂರಿನಲ್ಲಿ ಗಂಧದ ಸೋಪು ಹುಟ್ಟಿಸಿತು, ಜರ್ಮನಿಯಲ್ಲಿ ಸೋಪಿಗೆ ಬದಲಿ ಹುಟ್ಟಿಸಿತು. 1947ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಔಷಧ ತಯಾರಕರೊಬ್ಬರು ನೊರೆಯಿಲ್ಲದ ಸೆಟಾಫಿಲ್ ಲೋಷನ್ ಮಾಡಿದರು. 1950ರ ದಶಕದಲ್ಲಿ ಡವ್ ಬಂತು. ನೋಡೋಕೆ ಸೋಪಿನ ಬಿಲ್ಲೆ, ಆದರೆ ಮುಖ್ಯ ವಸ್ತು ಸೋಪಲ್ಲ. ಇಂಥವನ್ನ ಸಿಂಡೆಟ್ ಅಂತಾರೆ. ಇದರ ಪಿಎಚ್ ಅನ್ನ ಚರ್ಮದ ಹತ್ತಿರಕ್ಕೆ ತರಬಹುದು, ಗಡಸು ನೀರಲ್ಲಿ ಜಿಡ್ಡೂ ಕಟ್ಟಲ್ಲ.

1979ರಲ್ಲಿ ಫ್ರಾಶ್ ಮತ್ತು ಕ್ಲಿಗ್‌ಮನ್ ಅನ್ನೋ ಚರ್ಮತಜ್ಞರು ಒಂದು ಪರೀಕ್ಷೆ ಪ್ರಕಟಿಸಿದರು. ಮುಂಗೈ ಮೇಲೆ ಪುಟ್ಟ ಮುಚ್ಚಳದೊಳಗೆ ಸೋಪಿನ ನೀರಿಟ್ಟು, ಐದು ದಿನದ ಪರೀಕ್ಷೆಯಲ್ಲಿ ಎಷ್ಟು ಕೆಂಪಾಯ್ತು, ಎಷ್ಟು ಸಿಪ್ಪೆ ಎದ್ದಿತು ಅಂತ ಅಂಕ ಹಾಕೋದು. "ಮೃದು" ಅನ್ನೋದು ಬರೀ ಜಾಹೀರಾತಿನ ಮಾತಾಗಿದ್ದದ್ದು ಅಳೆಯೋ ವಿಷಯ ಆಯ್ತು.

ಅದೇ ಆಲ್ಬರ್ಟ್ ಕ್ಲಿಗ್‌ಮನ್ 1951ರಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ ಕೈದಿಗಳ ಮೇಲೆ ಪ್ರಯೋಗ ನಡೆಸಿದ್ದರು. ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಕೈಗೆ ಸಿಕ್ಕಿದ್ದು ಚಿಲ್ಲರೆ ದುಡ್ಡು, ಏನು ಹಚ್ಚುತ್ತಿದ್ದಾರೆ ಅನ್ನೋದರ ಪೂರ್ತಿ ವಿವರ ಸಿಗಲಿಲ್ಲ. ಶಾಂಪೂ, ಕ್ರೀಮುಗಳಿಂದ ಹಿಡಿದು ಡಯಾಕ್ಸಿನ್ ಅನ್ನೋ ವಿಷದವರೆಗೆ ಅವರ ಚರ್ಮದ ಮೇಲೆ ಪರೀಕ್ಷೆ ಆಯ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2021ರಲ್ಲಿ, ಫಿಲಡೆಲ್ಫಿಯಾ ನಗರ 2022ರಲ್ಲಿ.

ಒಂದು ಕಾಲದಲ್ಲಿ ಕಪ್ಪು ಚರ್ಮವನ್ನ ಕೊಳೆ ಅಂತ ಚಿತ್ರ ಬರೆದರು. ಇನ್ನೊಂದು ಕಾಲದಲ್ಲಿ ಅದೇ ಚರ್ಮವನ್ನ ಪ್ರಯೋಗದ ಹಲಗೆ ಮಾಡಿಕೊಂಡರು. "ಡರ್ಮಟಾಲಜಿಸ್ಟ್ ಟೆಸ್ಟೆಡ್" ಅಂತ ಓದಿದಾಗ, ಟೆಸ್ಟ್ ಆಗಿದ್ದು ಯಾರ ಮೇಲೆ ಅಂತ ಕೇಳೋ ಹಕ್ಕು ನಮಗಿದೆ.

ಭಾಗ 7/8: ನಿಮ್ಮದು ಯಾವ ಚರ್ಮ?

ಒಣ, ಎಣ್ಣೆ, ಸಾಮಾನ್ಯ ಅನ್ನೋ ವಿಭಾಗವನ್ನ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜನಪ್ರಿಯ ಮಾಡಿದವರು ಹೆಲೆನಾ ರೂಬಿನ್‌ಸ್ಟೈನ್. ಪೋಲೆಂಡಿನಲ್ಲಿ ಹುಟ್ಟಿ, ಆಸ್ಟ್ರೇಲಿಯಾದಲ್ಲಿ ಕ್ರೀಮ್ ಮಾರಿ, ದೊಡ್ಡ ಸಾಮ್ರಾಜ್ಯ ಕಟ್ಟಿದ ವ್ಯಾಪಾರಿ ಆಕೆ. ಮಾರ್ಕೆಟಿಂಗ್ ಪಾಠದಲ್ಲಿ ನಾವು ಓದೋ ಮಾರುಕಟ್ಟೆ ವಿಭಜನೆ ಇದೇ: ಎಲ್ಲರಿಗೂ ಒಂದೇ ಡಬ್ಬಿ ಮಾರೋ ಬದಲು ಮೂವರಿಗೆ ಮೂರು. 2005ರಲ್ಲಿ ಅಮೆರಿಕದ ಚರ್ಮತಜ್ಞೆ ಲೆಸ್ಲಿ ಬೌಮನ್ ಇದನ್ನ 16 ವಿಧಕ್ಕೆ ಏರಿಸಿದರು.

ಹಾಗಂತ ವಿಭಾಗ ಪೂರ್ತಿ ಸುಳ್ಳಲ್ಲ. ಮನೆಯಲ್ಲೇ ನೋಡ್ಕೊಳ್ಳಿ. ಮುಖ ತೊಳೆದು ಒರೆಸಿ, ಏನೂ ಹಚ್ಚದೆ ಅರ್ಧ ಗಂಟೆ ಬಿಡಿ.
– ಎಲ್ಲಾ ಕಡೆ ಮಿರಮಿರ ಅಂದರೆ ಎಣ್ಣೆ ಚರ್ಮ.
– ಬಿಗಿದಂತಾಗಿ, ನಕ್ಕಾಗ ಕೆನ್ನೆ ಎಳೆದಂತಾದರೆ ಒಣ ಚರ್ಮ.
– ಹಣೆ-ಮೂಗು ಮಾತ್ರ ಹೊಳೆದು ಕೆನ್ನೆ ಒಣಗಿದ್ದರೆ ಮಿಶ್ರ.
– ಉರಿ, ತುರಿಕೆ, ಕೆಂಪು ಆಗಾಗ ಬರ್ತಿದ್ದರೆ ಸೂಕ್ಷ್ಮ.
ಇದು ಜಾತಕ ಅಲ್ಲ, ಬದಲಾಗುತ್ತೆ. ಬೇಸಿಗೆಯ ಕಲಬುರಗಿಯಲ್ಲಿ ಒಂದು ಥರ, ಮಂಗಳೂರಿನ ಸೆಕೆಯಲ್ಲಿ ಇನ್ನೊಂದು ಥರ.

ಭಾಗ 8/8: ಈಗ ಆರಿಸೋಣ

ಬ್ಯಾಲೆನ್ಸ್ ಶೀಟ್ ಓದುವ ಹಾಗೆ ಟ್ಯೂಬ್ ತಿರುಗಿಸಿ ಹಿಂಬದಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ಇರೋದು ಮೊದಲು ಬರುತ್ತೆ.

ಸೋಡಿಯಂ ಪಾಮೇಟ್, ಪೊಟ್ಯಾಸಿಯಂ ಮಿರಿಸ್ಟೇಟ್ ಥರದ ಹೆಸರು ಮೊದಲಲ್ಲೇ ಇದ್ದರೆ ಅದು ಟ್ಯೂಬಿನಲ್ಲಿರೋ ಸೋಪು. ಕೋಕೋಯ್ಲ್ ಐಸೆಥಿಯೋನೇಟ್, ಬೀಟೈನ್, ಗ್ಲುಕೋಸೈಡ್ ಅಂತಿದ್ದರೆ ಸಾಮಾನ್ಯವಾಗಿ ಮೃದು.

ಒಣ ಚರ್ಮ: ನೊರೆ ಕಡಿಮೆ ಇರೋ ಲೋಷನ್ ಥರದ್ದು, ಗ್ಲಿಸರಿನ್ ಇರಲಿ.
ಎಣ್ಣೆ ಚರ್ಮ: ಮೃದುವಾದ ಜೆಲ್. ಮೊಡವೆ ಇದ್ದರೆ ಸ್ಯಾಲಿಸಿಲಿಕ್ ಆಸಿಡ್ ಇರೋದು ನೋಡಬಹುದು. ಪದೇ ಪದೇ ಉಜ್ಜಿದರೆ ಎಣ್ಣೆ ನಿಲ್ಲಲ್ಲ, ಚರ್ಮ ಕೆರಳುತ್ತೆ.
ಮಿಶ್ರ: ಮೃದು ಜೆಲ್ ಒಂದೇ ಸಾಕು.
ಸೂಕ್ಷ್ಮ: ಪರಿಮಳ ಇಲ್ಲದ್ದು, ಪದಾರ್ಥಗಳ ಪಟ್ಟಿ ಚಿಕ್ಕದಿರೋದು.

ಹೊಸದು ತಂದಾಗ ಕೆಲವು ದಿನ ಮುಂಗೈ ಒಳಭಾಗಕ್ಕೆ ಹಚ್ಚಿ ನೋಡಿ. ದಿನಕ್ಕೆ ಎರಡು ಸಲ, ತುಂಬಾ ಬೆವರಿದರೆ ಇನ್ನೊಂದು ಸಲ. ಸುಡೋ ನೀರು ಬೇಡ. ನಿಂಬೆರಸ, ಅಡುಗೆ ಸೋಡಾ ಮುಖಕ್ಕೆ ಬೇಡವೇ ಬೇಡ. ತೊಳೆದ ಮೇಲೆ ಮುಖ ಕಿರಕಿರ ಅಂದರೆ ಶುದ್ಧ ಆಯ್ತು ಅಂತಲ್ಲ, ಜಾಸ್ತಿ ತೊಳೆದಿರಿ ಅಂತ ಅರ್ಥ. ಗಂಟು ಮೊಡವೆ, ಕಲೆ ಉಳಿಯೋ ಮೊಡವೆ ಇದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಅಂಗಡಿಯವರು ಕೊಡೋ ಸ್ಟೀರಾಯ್ಡ್ ಕ್ರೀಮು ಹಚ್ಚಬೇಡಿ.

ದುಡ್ಡಿನ ಲೆಕ್ಕ: 100 ಎಂಎಲ್‌ಗೆ 300 ರೂಪಾಯಿ ಅಂದುಕೊಳ್ಳಿ. ಒಂದು ಸಲಕ್ಕೆ 1 ಎಂಎಲ್, ದಿನಕ್ಕೆ ಎರಡು ಸಲ. 50 ದಿನ ಬರುತ್ತೆ, ದಿನಕ್ಕೆ 6 ರೂಪಾಯಿ. ಮುಖದ ಮೇಲೆ ಅರ್ಧ ನಿಮಿಷವೂ ಉಳಿಯದ ವಸ್ತುವಿಗೆ ಚಿನ್ನ, ವಿಟಮಿನ್, ಹಣ್ಣಿನ ಹೆಸರಲ್ಲಿ ಇದಕ್ಕಿಂತ ಜಾಸ್ತಿ ಕೊಡೋ ಅಗತ್ಯ ಇಲ್ಲ.

ಫೇಸ್‌ವಾಶ್‌ನ ಕೆಲಸ ಒಂದೇ, ಕೊಳೆ ತೆಗೆದು ಚರ್ಮವನ್ನ ಅದರ ಪಾಡಿಗೆ ಬಿಡೋದು. ನಿಮ್ಮ ಬಣ್ಣ ಕೊಳೆ ಅಲ್ಲ.

ಸೇವ್ ಮಾಡ್ಕೊಳ್ಳಿ. "ಸ್ವಲ್ಪ ಬೆಳ್ಳಗಾಗೋ ಫೇಸ್‌ವಾಶ್ ಹೇಳೇ" ಅಂತ ಕೇಳೋ ಫ್ರೆಂಡ್‌ಗೆ ಮೂರನೇ ಭಾಗ ಕಳಿಸಿ.

#ಸೋಪಿನಚರಿತ್ರೆ #ಮುಖದಲೆಕ್ಕ #ಕನ್ನಡದಲ್ಲೇಓದಿ #ಮೈಸೂರುಗಂಧ