ವಾಟ್ ವಿ ಡೂ ಇನ್ ದ ಶಾಡೋಸ್ (ಕಿರುಚಿತ್ರ, 2005)

ನ್ಯೂಜಿಲೆಂಡಿನ ತೈಕಾ ವೈಟಿಟಿ ಮತ್ತು ಜೆಮೇನ್ ಕ್ಲೆಮೆಂಟ್ ಸೇರಿ ನಿರ್ದೇಶಿಸಿ, ನಟಿಸಿದ ಹಾಸ್ಯಮಿಶ್ರಿತ ಭಯಾನಕ ಕಿರುಚಿತ್ರ. ‘ಇಂಟರ್‌ವ್ಯೂಸ್ ವಿತ್ ಸಮ್ ವ್ಯಾಂಪೈರ್ಸ್’ ಎಂಬುದು ಇದರ ಉಪಶೀರ್ಷಿಕೆ. ಜೊನಾಥನ್ ಬ್ರೂ ಮತ್ತೊಬ್ಬ ಮುಖ್ಯ ನಟ.

ವೆಲಿಂಗ್ಟನ್ ನಗರದಲ್ಲಿ ನೆಲೆಸಿರುವ ರಕ್ತಪಿಶಾಚಿಗಳನ್ನು ಸಾಕ್ಷ್ಯಚಿತ್ರ ತಂಡವೊಂದು ಮಾತನಾಡಿಸುತ್ತದೆ. ಕಥೆ ಇಷ್ಟೇ. ಶತಮಾನಗಳ ವಯಸ್ಸಿನ ಈ ಜೀವಿಗಳು ಕ್ಯಾಮೆರಾ ಮುಂದೆ ತಮ್ಮ ಬದುಕನ್ನು ಪಕ್ಕದ ಮನೆಯವರಷ್ಟೇ ಸಹಜವಾಗಿ ಹೇಳಿಕೊಳ್ಳುತ್ತಾರೆ. ಚಿತ್ರದ ಸೊಗಸಿರುವುದು ಆ ಸಹಜತೆಯಲ್ಲೇ. ಸಂಭಾಷಣೆಯನ್ನು ನಟರು ಬಹುಪಾಲು ಸ್ಥಳದಲ್ಲೇ ಕಟ್ಟಿದ್ದರಿಂದ ಅದು ಸಾಧ್ಯವಾಯಿತು.

ಆಗ ನಿರ್ದೇಶಕರಿಬ್ಬರೂ ಹೊರಜಗತ್ತಿಗೆ ಅಷ್ಟಾಗಿ ಪರಿಚಿತರಲ್ಲ. ವೈಟಿಟಿಯವರ ‘ಟೂ ಕಾರ್ಸ್, ಒನ್ ನೈಟ್’ ಕಿರುಚಿತ್ರ ಅದೇ 2005ರಲ್ಲಿ ಆಸ್ಕರ್ ಸ್ಪರ್ಧೆಗೆ ನಾಮನಿರ್ದೇಶನಗೊಂಡಿತ್ತು. ಕ್ಲೆಮೆಂಟ್‌ಗೆ ವ್ಯಾಪಕ ಹೆಸರು ತಂದ ‘ಫ್ಲೈಟ್ ಆಫ್ ದ ಕಾಂಕಾರ್ಡ್ಸ್’ ಟಿವಿ ಸರಣಿ ಶುರುವಾದದ್ದು 2007ರಲ್ಲಿ.

ಕಿರುಚಿತ್ರದ ಕಲ್ಪನೆ ಅದೇ ಹೆಸರಿನ ಪೂರ್ಣಪ್ರಮಾಣದ ಚಿತ್ರವಾಗಿ 2014ರ ಜನವರಿಯಲ್ಲಿ ಸನ್‌ಡಾನ್ಸ್ ಉತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತು. ಒಬ್ಬ ಪಿಶಾಚಿ ಐದು ವರ್ಷಗಳಿಂದ ಪಾತ್ರೆ ತೊಳೆದಿಲ್ಲವೆಂದು ಮನೆಯಲ್ಲಿ ಸಭೆ ಸೇರುವ ದೃಶ್ಯ ಇದರದು. ಬಾಡಿಗೆ ಮನೆ ಹಂಚಿಕೊಂಡು ಬದುಕಿದ ಯಾರಿಗಾದರೂ ಆ ಜಗಳ ಚಿರಪರಿಚಿತ! ಅಮೆರಿಕದಲ್ಲಿ ಚಿತ್ರವನ್ನು ಹೆಚ್ಚು ಊರುಗಳ ಚಿತ್ರಮಂದಿರಗಳಿಗೆ ತಲುಪಿಸಲು ತಂಡ ಕಿಕ್‌ಸ್ಟಾರ್ಟರ್ ಮೂಲಕ ಅಭಿಮಾನಿಗಳ ಮೊರೆಹೋಗಿ 4 ಲಕ್ಷ ಡಾಲರಿಗೂ ಹೆಚ್ಚು ಸಂಗ್ರಹಿಸಿತು. ಸ್ವತಂತ್ರ ಸಿನಿಮಾದ ಮಟ್ಟಿಗೆ ಇದು ದಿಟ್ಟ ಹೆಜ್ಜೆ.

ಮುಂದೆ ಇದೇ ಚಿತ್ರದಿಂದ ಕವಲೊಡೆದ ಟಿವಿ ಸರಣಿ ‘ವೆಲಿಂಗ್ಟನ್ ಪ್ಯಾರಾನಾರ್ಮಲ್’ 2018ರಲ್ಲಿ, 2019ರಲ್ಲಿ ಮೂಲ ಹೆಸರಿನದೇ ಅಮೆರಿಕನ್ ಸರಣಿ ಪ್ರಸಾರವಾದವು. ಎರಡನೆಯದು ಆರು ಸೀಸನ್ ನಡೆದು 2024ರಲ್ಲಿ ಮುಗಿಯಿತು.