ಯಾರ ಕೈಯ ನೀರು? ಕಲ್ಯಾಣ–ಹುಮನಾಬಾದ್ ಸೀಮೆಯಲ್ಲಿ ನೆರೆತನದ ಮರುವಿಚಾರ

ಜನಾಂಗದ ಪೂರ್ವಗ್ರಹ ಎಂದೊಡನೆ ನಮ್ಮ ಚರ್ಚೆ ಅಮೆರಿಕೆಗೋ ದಕ್ಷಿಣ ಆಫ್ರಿಕೆಗೋ ಹಾರುತ್ತದೆ. ಬೀದರ್ ಸೀಮೆಯವರು ಅಷ್ಟು ದೂರ ಹೋಗಬೇಕಿಲ್ಲ. ಬಹಮನಿ ದರ್ಬಾರು ದಖ್ಖನಿ, ಪರದೇಶಿ ಎಂದು ಒಡೆದದ್ದು, ಪರದೇಶಿಯಾದ ವಜೀರ ಮಹಮೂದ್ ಗವಾನ್ 1481ರಲ್ಲಿ ಒಂದು ಖೋಟಾ ಪತ್ರಕ್ಕೆ ಬಲಿಯಾದದ್ದು ಈ ಸೀಮೆಯ ಇತಿಹಾಸದಲ್ಲೇ. ಆಫ್ರಿಕ ಮೂಲದ ಹಬಶಿಗಳು ಆ ಒಳಜಗಳದಲ್ಲಿ ದಖ್ಖನಿಗಳ ಪಕ್ಷ. 1657ರಲ್ಲಿ ಔರಂಗಜೇಬನ ಮುತ್ತಿಗೆಗೆ ಎದೆಯೊಡ್ಡಿ ಬೀದರ್ ಕೋಟೆಯನ್ನು ಕಾದು ಮಡಿದ ಸಿದ್ದಿ ಮರ್ಜಾನನೂ ಹಬಶಿಯೇ. ಆದರೆ ಈ ನೆಲದಲ್ಲಿ ಮೈಬಣ್ಣದ ಪಡಿಯಚ್ಚಿಗಿಂತ ಹುಟ್ಟಿನ ಪಡಿಯಚ್ಚು ಗಟ್ಟಿಯಾಗಿ ಉಳಿಯಿತು. ಜಾತಿಯೂ ಜನಾಂಗವೂ ಒಂದೇ ಎಂದು ನಾನು ವಾದಿಸುತ್ತಿಲ್ಲ. ಮುಖ ನೋಡುವ ಮೊದಲೇ ಮನುಷ್ಯನ ಬೆಲೆ ಕಟ್ಟಿಬಿಡುವುದರಲ್ಲಿ ಎರಡೂ ಒಂದೇ ಕೆಲಸ ಮಾಡುತ್ತವೆ, ಅಷ್ಟೆ.

ನಿಜಾಮರ ಆಳ್ವಿಕೆಯ ಬೀದರ್ ಜಿಲ್ಲೆಗೆ ಬಂದ ಅಮೆರಿಕದ ಮೆಥಡಿಸ್ಟ್ ಮಿಶನ್ನಿನ ಕರೆಗೆ ಓಗೊಟ್ಟವರಲ್ಲಿ ಹೆಚ್ಚಿನವರು ಹುಟ್ಟಿನ ಆ ಪಡಿಯಚ್ಚಿಗೆ ಸಿಕ್ಕ ಮಾದಿಗ ಕುಟುಂಬದವರು. ಈ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಾಲೆ, ಆಸ್ಪತ್ರೆ, ಬೋರ್ಡಿಂಗುಗಳ ಲೆಕ್ಕ ಕೊಡುತ್ತಾರೆ. ಆ ಸೇವೆ ದೊಡ್ಡದು, ಅನುಮಾನವಿಲ್ಲ. ಆದರೂ ಅದರಲ್ಲಿ ಕೊಡುವವರ ಕೈ ಮೇಲೆ, ಪಡೆಯುವವರ ಕೈ ಕೆಳಗೆ. ಮಿಶನ್ನಿನ ತವರುಮನೆಯೇ ಈ ರೋಗದಿಂದ ಮುಕ್ತವಾಗಿರಲಿಲ್ಲ: 1939ರಲ್ಲಿ ಅಮೆರಿಕದ ಮೂರು ಮೆಥಡಿಸ್ಟ್ ಸಭೆಗಳು ಒಂದಾದಾಗ ಕರಿಯ ಸಭೆಗಳನ್ನು ಪ್ರತ್ಯೇಕ ಆಡಳಿತ ವಲಯಕ್ಕೆ ತಳ್ಳಲಾಯಿತು. 1968ರವರೆಗೆ ಆ ಗೋಡೆ ನಿಂತಿತ್ತು. ಇಲ್ಲಿ ಕೇರಿಯವರನ್ನು ಎದೆಗಪ್ಪಿಕೊಂಡ ಸಭೆ ಅಲ್ಲಿ ತನ್ನೊಳಗೇ ಕೇರಿ ಕಟ್ಟಿಕೊಂಡಿತ್ತು. ಕೊಡುಗೈ ಎಷ್ಟೇ ದೊಡ್ಡದಾದರೂ ಪಡಿಯಚ್ಚು ಒಡೆಯುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಒಡೆಯುವುದು ಯಾವುದರಿಂದ? ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಸಮಾರ್ಯದವನ ಕಥೆಯನ್ನು ನಮ್ಮ ಪ್ರಸಂಗಗಳಲ್ಲಿ ದೀನರಿಗೆ ನೆರವಾಗುವ ಪಾಠವಾಗಿ ಓದುತ್ತಾರೆ. ಕಥೆ ಹಾಗಿಲ್ಲ. ಅಲ್ಲಿ ನೆರವಾದವನೇ ಹೀನನೆನಿಸಿಕೊಂಡವನು. ಕಳ್ಳರ ಕೈಗೆ ಸಿಕ್ಕು ಬಿದ್ದಿದ್ದ ಯೆಹೂದ್ಯ ಅವನ ಕೈಯ ಎಣ್ಣೆ, ದ್ರಾಕ್ಷಾರಸಗಳಿಂದ ಬದುಕಿದ. ಯೋಹಾನನ ನಾಲ್ಕನೆಯ ಅಧ್ಯಾಯ ಇನ್ನೂ ನೇರ. ಬಾವಿಕಟ್ಟೆಯ ಮೇಲೆ ಯೇಸು ಸಮಾರ್ಯದ ಹೆಂಗಸಿಗೆ ನೀರು ಕೊಡುವುದಿಲ್ಲ, ಅವಳ ಕೈಯಿಂದ ನೀರು ಬೇಡುತ್ತಾನೆ. ಅವಳಿಗೆ ಬೆರಗಾದದ್ದೂ ಅದೇ. ದಲಿತರು ಕೆರೆಯ ನೀರು ಮುಟ್ಟಿದ 1927ರ ಮಹಾಡ್ ಸತ್ಯಾಗ್ರಹವನ್ನು ಬಲ್ಲ ನಮಗೆ ಆ ಬೆರಗಿನ ತೂಕವನ್ನು ಯಾವ ಪಾಶ್ಚಾತ್ಯ ವ್ಯಾಖ್ಯಾನಕಾರನೂ ತಿಳಿಸಿಕೊಡಬೇಕಿಲ್ಲ.

ಬಸವಕಲ್ಯಾಣದ ನೆನಪಿನಲ್ಲಿಯೂ ಇದೇ ತಿರುವು ಇದೆ. ಸಮಗಾರ ಹರಳಯ್ಯ 'ಶರಣು' ಎಂದಾಗ ಬಸವಣ್ಣ 'ಶರಣು ಶರಣಾರ್ಥಿ' ಎಂದು ಮರುನುಡಿದನಂತೆ. ಒಂದು ಮಾತು ಹೆಚ್ಚಾಯಿತೆಂದು ಆ ಋಣ ತೀರಿಸಲು ಹರಳಯ್ಯ, ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಕೆರ ಮಾಡಿದರು. ಇಷ್ಟು ಎಲ್ಲರಿಗೂ ಗೊತ್ತು. ಅಷ್ಟಾಗಿ ಗಮನಿಸದ ಭಾಗ ಮುಂದಿನದು: ಆ ಕೆರ ಮೆಟ್ಟಿದ ಬ್ರಾಹ್ಮಣ ಮಧುವರಸನ ಮೈಗೆ ಉರಿ ಹತ್ತಿ, ಅದು ಆರಿದ್ದು ಹರಳಯ್ಯನ ಮನೆಯ ಚರ್ಮ ನೆನೆಸುವ ನೀರಿನಿಂದ ಎಂದು ಜನ ಹೇಳುತ್ತಾರೆ. ಇಬ್ಬರ ಮಕ್ಕಳ ಮದುವೆಯ ಬೀಗತನ ಆಮೇಲಿನದು, ಅದಕ್ಕಾಗಿ ಅರಸ ಬಿಜ್ಜಳ ಇಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದ್ದು ಅದಕ್ಕೂ ಆಮೇಲಿನದು. ಕಥೆ ಐತಿಹಾಸಿಕವೇ ಎಂಬುದು ಬೇರೆ ಪ್ರಶ್ನೆ. ಮದುವೆಗಿಂತ ಮುಂಚೆ ನೀರು ಬರಬೇಕೆಂದು ಜನಕ್ಕೆ ಹೊಳೆದದ್ದು ನನಗೆ ಮುಖ್ಯ.

ಹುಮನಾಬಾದ್ ಕಡೆಯ ಒಂದು ಹಳ್ಳಿಯಲ್ಲಿ ಕ್ರೈಸ್ತ ಮನೆಯೊಂದರ ಕಟ್ಟೆಯ ಮೇಲೆ ಕೂತಿದ್ದೆ. ಮನೆಯಾಕೆ ಒಳಗಿನಿಂದ ಚರಿಗೆ ತರಲಿಲ್ಲ. ಹುಡುಗನ ಕೈಗೆ ನೋಟು ಕೊಟ್ಟು ಅಂಗಡಿಗೆ ಓಡಿಸಿದರು; ಸೀಲು ಒಡೆಯದ ನೀರಿನ ಬಾಟ್ಲಿ ಬಂತು. 'ಮನಿ ನೀರು ಕುಡೀತೀನ್ರೀ ಅಕ್ಕಾ' ಎಂದೆ. ಆಕೆ ಗಳಿಗೆಹೊತ್ತು ನನ್ನ ಮುಖವನ್ನೇ ನೋಡಿ, 'ಖರೇನಾ?' ಎಂದರು. ಆಮೇಲೆ ಚರಿಗೆ ಬಂತು, ಹಿಂದೆಯೇ ಚಹಾ. ಹೆದ್ದಾರಿಯ ಹೋಟೆಲುಗಳಲ್ಲಿ ಇಂದು ಎಲ್ಲರೂ ಒಂದೇ ಗ್ಲಾಸಿನಲ್ಲಿ ಕುಡಿಯುತ್ತಾರೆ, ಯಾರೂ ಯಾರನ್ನೂ ಕೇಳುವುದಿಲ್ಲ. ಮನೆಯ ಹೊಸ್ತಿಲಿನಲ್ಲಿ ಮಾತ್ರ ಬಾಟ್ಲಿ ಎಂಬ ಹೊಸ ಮಡಿ ಬಂದಿದೆ. ಅತಿಥಿಯ ಮರ್ಯಾದೆಯೂ ಉಳಿಯಿತು, ಅಂತರವೂ ಉಳಿಯಿತು.

ಕನ್ನಡ ಸತ್ಯವೇದ ಬಳಸುವ 'ನೆರೆಯವನು' ಎಂಬ ಪದ ಈ ಸೀಮೆಯ ಮಾತಿನಲ್ಲಿ 'ಬಾಜು ಮನಿಯವ'. ಬಾಜು ಎಂದರೆ ಪಕ್ಕ. ಮೇಲೂ ಅಲ್ಲ, ಕೆಳಗೂ ಅಲ್ಲ. ಸಭೆಯೊಳಗೂ ಈ ಪದ ಪೂರ್ತಿ ಬಾಳಿಲ್ಲ, ಹೆಣ್ಣು ಕೊಡುವಾಗ ಹಳೆಯ ಕುಲವನ್ನು ಮೆಲ್ಲಗೆ ವಿಚಾರಿಸುವುದುಂಟು. ಸರ್ಕಾರದ ಕಾಗದದ ಮಾತು ಇನ್ನೊಂದು. 1950ರ ಪರಿಶಿಷ್ಟ ಜಾತಿಗಳ ಆದೇಶ ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಒಳಗೆ ಕರೆದುಕೊಂಡಿತು. ಕ್ರೈಸ್ತರಾದ ದಲಿತರು ಇಂದಿಗೂ ಹೊರಗೆ. ಕಾನೂನು ಅವರನ್ನು ಅಸ್ಪೃಶ್ಯರೆಂದು ಎಣಿಸುವುದಿಲ್ಲ, ಊರು ಎಣಿಸುತ್ತದೆ. ಆಕೆಯ 'ಖರೇನಾ?' ಹುಟ್ಟಿದ್ದು ಈ ಎರಡರ ನಡುವಿನಿಂದ.

ಈ ಜಿಲ್ಲೆಯಲ್ಲಿ ಕ್ಷೇತ್ರಕಾರ್ಯಕ್ಕೆ ಹೊರಡುವ ಗೆಳೆಯರಲ್ಲಿ ಒಂದು ವಿನಂತಿ. ಪ್ರಶ್ನಾವಳಿಯಲ್ಲಿ 'ನೀವು ಯಾರಿಗೆ ಸಹಾಯ ಮಾಡಿದ್ದೀರಿ' ಎಂಬ ಸಾಲನ್ನು ಹೊಡೆದುಹಾಕಿ, 'ಈ ವಾರ ಯಾರ ಮನೆಯ ನೀರು ಕುಡಿದಿರಿ' ಎಂದು ಬರೆದುಕೊಳ್ಳಿ. ಮೊದಲ ಉತ್ತರ ನಿಮ್ಮದೇ ಇರಲಿ.