ಗದುಗಿನ ಪುಣ್ಯಾಶ್ರಮ: ಕಣ್ಣಿದ್ದವರಿಗೂ ಕಲಿಸಿದ ಅಂಧ ಗುರುಗಳು

ನೂರು ವರ್ಷದ ಹಿಂದೆ ಹಳ್ಳಿಯಲ್ಲಿ ಕಣ್ಣಿಲ್ಲದ ಮಗು ಹುಟ್ಟಿದರೆ ಹೆತ್ತವರನ್ನು ಕಾಡುತ್ತಿದ್ದ ಚಿಂತೆ ಒಂದೇ: ನಾವು ಹೋದ ಮೇಲೆ ಇದಕ್ಕೆ ಅನ್ನ ಹಾಕುವವರು ಯಾರು? ಧಾರವಾಡ ಸೀಮೆಯಲ್ಲಿ ಈ ಪ್ರಶ್ನೆಗೆ ದಾರಿ ತೋರಿಸಿದವರೂ ಕಣ್ಣಿಲ್ಲದವರೇ.

ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅವರಿಗೂ ಒಡಹುಟ್ಟಿದ ಸಹೋದರನಿಗೂ ದೃಷ್ಟಿ ಇರಲಿಲ್ಲ, ಆದರೆ ದನಿ ಇತ್ತು. ಅದನ್ನು ಗುರುತಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. ಅವರ ಆಸರೆಯಲ್ಲಿ ಪಂಚಾಕ್ಷರಿ ಗವಾಯಿಗಳು ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ಕಲಿತರು. ಹಿಂದೂಸ್ತಾನಿಯಲ್ಲಿ ನೀಲಕಂಠಬುವಾ ಮಿರಜಕರ ಅವರ ಗುರುಗಳು.

ಕಲಿತದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಅಂಧ ಮತ್ತು ಬಡ ಹುಡುಗರನ್ನು ಸೇರಿಸಿಕೊಂಡು ಊರೂರು ತಿರುಗುವ ಪಾಠಶಾಲೆ ನಡೆಸಿದರು. ಜನ ಕೊಟ್ಟ ಕಾಳುಕಡಿಯಲ್ಲಿ ಊಟ, ಉಳಿದಲ್ಲೇ ಪಾಠ. ಕೊನೆಗೆ ಗದುಗಿನಲ್ಲಿ ನೆಲೆ ಸಿಕ್ಕಿತು. ಅದೇ ವೀರೇಶ್ವರ ಪುಣ್ಯಾಶ್ರಮ.

ನಮ್ಮ ಸಂಗೀತ ಕಿವಿಯಿಂದ ಕಿವಿಗೆ ಬಂದದ್ದು. ಗುರು ಹಾಡಬೇಕು, ಶಿಷ್ಯ ಹಾಗೆಯೇ ಹಾಡಿ ಒಪ್ಪಿಸಬೇಕು. ತಬಲಾದ ಬೋಲುಗಳನ್ನು ಮೊದಲು ಬಾಯಲ್ಲಿ ಹೇಳಿಸಿ, ಆಮೇಲೆ ಕೈ ಹಿಡಿದು ಬೆರಳು ಬೀಳುವ ಜಾಗ ತೋರಿಸಬಹುದು. ಹಾರ್ಮೋನಿಯಂನ ಕಪ್ಪು ಮನೆಗಳು ಎತ್ತರದಲ್ಲಿವೆ. ಎರಡು, ಆಮೇಲೆ ಮೂರು, ಮತ್ತೆ ಎರಡು ಹೀಗೆ ಗುಂಪಾಗಿರುವುದರಿಂದ ಸ್ವರದ ಜಾಗ ಬೆರಳಿಗೇ ತಿಳಿಯುತ್ತದೆ.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡಾಗ ಆಶ್ರಮದ ಹೊಣೆ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. 1914ರಲ್ಲಿ ಹುಟ್ಟಿದ ಅವರೂ ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಅಷ್ಟು ಮಕ್ಕಳ ಹೊಟ್ಟೆ ತುಂಬಿಸುವುದು ಸಣ್ಣ ಮಾತಲ್ಲ. ಅದಕ್ಕಾಗಿ ನಾಟಕ ಕಂಪನಿ ನಡೆಸಿದರು, ತಾವೇ ನಾಟಕ ಬರೆದರು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅಜ್ಜಾರು ಲಿಂಗೈಕ್ಯರಾದರು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಗುರುಗಳ ಬಳಿ ಕಣ್ಣಿದ್ದವರೂ ಕಲಿಯಲು ಬಂದರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು, ವೆಂಕಟೇಶ ಕುಮಾರ್ ಪುಟ್ಟರಾಜರ ಶಿಷ್ಯರು. ಅಂಧರು ಬೇಡುವವರು ಎಂದುಕೊಂಡಿದ್ದ ಸಮಾಜ, ಅಂಧರ ಮುಂದೆಯೇ ಕೈಕಟ್ಟಿ ಕುಳಿತು ವಿದ್ಯೆ ಬೇಡಿತು. ಕನಿಕರದಿಂದ ಸಿಗದ ಮರ್ಯಾದೆ ವಿದ್ಯೆಯಿಂದ ಸಿಕ್ಕಿತು.

ಹಾಗಂತ ಕಣ್ಣಿಲ್ಲದ ಪ್ರತಿ ಮಗುವೂ ಹಾಡಲೇಬೇಕೆಂದಿಲ್ಲ. ಅಂದು ಇದ್ದ ದಾರಿಗಳು ಕಡಿಮೆ. ಇಂದು ಬ್ರೈಲ್ ಇದೆ, ಮಾತನಾಡುವ ಫೋನ್ ಇದೆ, ಓದುವ ಹಕ್ಕು ಕಾನೂನಿನಲ್ಲೇ ಇದೆ. ನಿಮ್ಮೂರಲ್ಲಿ ಅಂಥ ಮಗುವಿದ್ದರೆ ಮನೆಯಲ್ಲೇ ಕೂರಿಸಬೇಡಿ. ದನಿ ಇದ್ದರೆ ಗುರುವನ್ನು ಹುಡುಕಿ, ಬೇರೆ ಆಸೆ ಇದ್ದರೆ ಶಾಲೆಗೆ ಕಳಿಸಿ. ಏನು ಕಲಿಯಬೇಕೆಂದು ಮೊದಲು ಮಗುವನ್ನೇ ಕೇಳಿ.